ಲಾರೆನ್ಸ್ ಎಂಬ ಗಿರಣಿ ಊರು: ಅಟ್ಟದ ಮೇಲೆ ಸಿಕ್ಕ ಹಳೇ ಸಾಮಾನು ಎಸೆಯಬೇಡಿ

ಮೆರಿಮ್ಯಾಕ್ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಾಸ್ಟನ್‌ನಿಂದ ಉತ್ತರಕ್ಕೆ ಆಂಡೋವರ್, ಮೆಥೂಎನ್, ಹೇವ್ರಿಲ್ ಕಡೆ ನಮ್ಮ ಜನ ಹಳೇ ಮನೆಗಳನ್ನು ಕೊಳ್ಳುತ್ತಿದ್ದಾರೆ. ಕೆಲವರ ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಹಿಂದಿನವರು ಬಿಟ್ಟುಹೋದ ಪೆಟ್ಟಿಗೆ ಸಿಗುತ್ತದೆ. ಒಳಗೆ ಮಾಸಿದ ಫೋಟೋ, ಚೀಟಿ, ಓದಲು ಬಾರದ ಭಾಷೆಯ ಪತ್ರ ಇರುತ್ತವೆ. ಮನೆ ಸ್ವಚ್ಛ ಮಾಡುವ ಅವಸರದಲ್ಲಿ ಎಲ್ಲವೂ ಕಸಕ್ಕೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಕ್ಕದ ಲಾರೆನ್ಸ್ ತಾನಾಗಿ ಬೆಳೆದ ಊರಲ್ಲ. 1845ರಲ್ಲಿ ಎಸೆಕ್ಸ್ ಕಂಪನಿ ಎಂಬ ಬಂಡವಾಳಗಾರರ ಗುಂಪು ಲೆಕ್ಕ ಹಾಕಿ ಕಟ್ಟಿಸಿದ ಊರು ಅದು. ಮೆರಿಮ್ಯಾಕ್ ನದಿಗೆ ಕಲ್ಲಿನ ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು, ಆ ನೀರಿನ ಬಲದಿಂದ ಬಟ್ಟೆ ಗಿರಣಿಗಳು ಓಡಿದವು. ಅಣೆಕಟ್ಟು 1848ಕ್ಕೆ ಮುಗಿಯಿತು. ಕಲ್ಲು ಹೊತ್ತವರಲ್ಲಿ ಐರಿಷ್ ಜನ ಜಾಸ್ತಿ. ಅವರ ಹಿಂದೆ ಇಂಗ್ಲೆಂಡಿನವರು, ಜರ್ಮನ್ನರು, ಕೆನಡಾದ ಫ್ರೆಂಚರು, ಇಟಲಿಯವರು, ಪೋಲಿಷರು, ಲಿಥುವೇನಿಯಾದವರು, ಸಿರಿಯಾ–ಲೆಬನಾನಿನವರು ಬಂದರು. 1910ರ ಹೊತ್ತಿಗೆ ಊರಿನ ಜನಸಂಖ್ಯೆ ಸುಮಾರು 86,000. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು. ವಲಸಿಗರ ಊರು ಅನ್ನುವ ಹೆಸರು ಅದಕ್ಕೆ ಇವತ್ತಿಗೂ ಇದೆ.

ಈಗ ಮುಖ್ಯವಾದ ಮಾತು. ಕಂಪನಿಯ ಚರಿತ್ರೆ ಉಳಿಯುವುದು ಕಷ್ಟವಲ್ಲ. ಕಂಪನಿಗೆ ಕಚೇರಿ ಇತ್ತು, ಗುಮಾಸ್ತರಿದ್ದರು, ಕಬ್ಬಿಣದ ಪೆಟ್ಟಿಗೆ ಇತ್ತು. ಅಣೆಕಟ್ಟಿನ ನಕ್ಷೆ, ಯಾವ ಗಿರಣಿಗೆ ಎಷ್ಟು ನೀರು, ಯಾವ ಜಾಗ ಯಾರಿಗೆ ಮಾರಿದ್ದು ಎಲ್ಲ ಬರೆದಿಟ್ಟಿದ್ದರು. ಅದೇ ಗಿರಣಿಯಲ್ಲಿ ನೂಲು ತೆಗೆದ ಹುಡುಗಿ ಏನನ್ನು ಇಟ್ಟುಕೊಂಡಿದ್ದಳು? ಒಂದು ಸಂಬಳದ ಲಕೋಟೆ, ಒಂದು ಮದುವೆ ಫೋಟೋ, ಊರಿನಿಂದ ಬಂದ ನಾಲ್ಕು ಪತ್ರ. ಅವಳ ಚರಿತ್ರೆ ಅಷ್ಟರಲ್ಲೇ ಇದೆ. ಮನೆಯವರು ಕೊಟ್ಟರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಯಿತು.

ಇದನ್ನು ಅರಿತು 1978ರಲ್ಲಿ ಅರ್ತಾ ಡೆಂಗ್ಲರ್ ಎಂಬವರು ‘ಇಮಿಗ್ರಂಟ್ ಸಿಟಿ ಆರ್ಕೈವ್ಸ್’ ಎಂಬ, ಹಳೇ ಕಾಗದಪತ್ರ, ಫೋಟೋ ಕಾಪಾಡಿಡುವ ಸಂಸ್ಥೆ ಶುರು ಮಾಡಿದರು. ಅವರೇ ಜರ್ಮನಿಯಿಂದ ಬಂದವರು. ಈಗ ಅದರ ಹೆಸರು ಲಾರೆನ್ಸ್ ಹಿಸ್ಟರಿ ಸೆಂಟರ್. ಎಸೆಕ್ಸ್ ಬೀದಿಯಲ್ಲಿ, ಎಸೆಕ್ಸ್ ಕಂಪನಿ 1883ರಲ್ಲಿ ಕಟ್ಟಿಸಿದ ಹಳೇ ಕಚೇರಿ ಆವರಣದಲ್ಲೇ ಇದೆ. ಕಂಪನಿಯ ಕಾಗದಪತ್ರವೂ ಅಲ್ಲಿವೆ, ಕೂಲಿಯವರ ಮನೆಗಳಿಂದ ಬಂದ ಫೋಟೋ, ಪತ್ರಗಳೂ ಅಲ್ಲಿವೆ. ಯಜಮಾನರ ಕಟ್ಟಡದಲ್ಲಿ ಇವತ್ತು ಕೂಲಿಯವರ ಮಾತಿಗೂ ಜಾಗ ಸಿಕ್ಕಿದೆ. ನನಗೆ ಇದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಸಾಮಾನು ಸಿಕ್ಕಿದೆಯಾ? ಏನು ಮಾಡಿದಿರಿ?

ಹೊಸ ಮನೆ, ಹಳೇ ಅಟ್ಟ

ಸರಿಯಾದ ಸಮಯಕ್ಕೆ ಬರೆದಿರಿ. ನಾವು ಮೆಥೂಎನ್‌ನಲ್ಲಿ ಮನೆ ಕೊಂಡೆವು. ಅಟ್ಟದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹತ್ತಾರು ಸಂಬಳದ ಲಕೋಟೆ, ಗಿರಣಿ ಮುಂದೆ ಸಾಲಾಗಿ ನಿಂತ ಹೆಂಗಸರ ಒಂದು ದೊಡ್ಡ ಫೋಟೋ, ಇಟಾಲಿಯನ್ ಇರಬೇಕು ಅನ್ನಿಸುವ ಒಂದು ಪ್ರಾರ್ಥನೆ ಪುಸ್ತಕ, ಮರದ ಲಾಳಿ ಒಂದು. ಫೋಟೋ ಸುರುಳಿ ಸುತ್ತಿಕೊಂಡಿದೆ. ಬಿಚ್ಚಲು ಹೋದರೆ ಚಟಚಟ ಅನ್ನುತ್ತದೆ. ಹಾಗೇ ಇಟ್ಟಿದ್ದೇನೆ. ಇದು ನಮ್ಮದಾ, ಮಾರಿದವರದಾ? ನಮ್ಮ ಮನೆಯವರು ಲಾಳಿಯನ್ನು ಗೋಡೆಗೆ ಹಾಕೋಣ ಅನ್ನುತ್ತಿದ್ದಾರೆ.

ಕಡತದ ಕೆಲಸದವಳು

ನಾನು ಗ್ರಂಥಾಲಯದಲ್ಲಿ ಹಳೇ ಕಡತಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಬೇರೆ ಊರಿನಲ್ಲಿ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಆ ಫೋಟೋ. ಬಿಚ್ಚದೆ ಬಿಟ್ಟದ್ದು ಬಹಳ ಒಳ್ಳೆಯದಾಯಿತು. ಒಣಗಿ ಸುರುಳಿಯಾದ ಫೋಟೋವನ್ನು ಬಲವಂತ ಮಾಡಿದರೆ ಮೇಲಿನ ಪದರ ಬಿರುಕು ಬಿಟ್ಟು ಉದುರುತ್ತದೆ. ಬಲ್ಲವರು ಅದಕ್ಕೆ ನಿಧಾನವಾಗಿ ತೇವ ಕೊಟ್ಟು ಬಿಡಿಸುತ್ತಾರೆ. ನೀವು ನೀರು ಚಿಮುಕಿಸಬೇಡಿ, ಇಸ್ತ್ರಿ ಪೆಟ್ಟಿಗೆಯಂತೂ ಬೇಡವೇ ಬೇಡ.

ಡಬ್ಬಿಯನ್ನು ಅಟ್ಟದಿಂದ ಇಳಿಸಿ, ಮನೆಯವರು ಓಡಾಡುವ ಕೋಣೆಯ ಕಪಾಟಿನಲ್ಲಿಡಿ. ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ನೆಲಮಾಳಿಗೆಯಲ್ಲಿ ತೇವ. ಎರಡೂ ಕಾಗದಕ್ಕೆ ಆಗಿಬರುವುದಿಲ್ಲ. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಪಿನ್ನು ಇದ್ದರೆ ಮೆಲ್ಲಗೆ ತೆಗೆಯಿರಿ. ತೆಗೆಯಲು ಬರದಿದ್ದರೆ ಬಿಟ್ಟುಬಿಡಿ. ಲಕೋಟೆಗಳನ್ನು ಯಾವ ಕ್ರಮದಲ್ಲಿ ಸಿಕ್ಕಿದವೋ ಅದೇ ಕ್ರಮದಲ್ಲಿಡಿ. ತಾರೀಖಿನ ಪ್ರಕಾರ ಜೋಡಿಸುವ ಆಸೆ ಆಗುತ್ತದೆ, ಆದರೆ ಇಟ್ಟವರು ಹೇಗೆ ಇಟ್ಟಿದ್ದರು ಅನ್ನುವುದೂ ಒಂದು ಮಾಹಿತಿಯೇ.

ಯಾರದು ಅನ್ನುವ ಪ್ರಶ್ನೆಗೆ: ಕಾನೂನಿನ ಪ್ರಕಾರ ಮನೆ ಮಾರಾಟದ ಪತ್ರದಲ್ಲಿ ಏನಿದೆ ನೋಡಬೇಕು. ಆದರೆ ಮೊದಲು ಏಜೆಂಟ್ ಮೂಲಕ ಮಾರಿದವರ ಮನೆಯವರಿಗೆ ಒಂದು ಮಾತು ಕೇಳಿ. ಅವರಿಗೆ ಬೇಕಿದ್ದರೆ ಕೊಟ್ಟುಬಿಡಿ. ಬೇಡ ಅಂದರೂ ಆ ಫೋನಿನಲ್ಲಿ ಎರಡು ಹೆಸರು ಸಿಗಬಹುದು. ‘ಅದು ನಮ್ಮ ಅಜ್ಜಿಯ ಅಕ್ಕ, ಇಂಥ ಗಿರಣಿಯಲ್ಲಿದ್ದಳು’ ಅಂತ ಯಾರಾದರೂ ಹೇಳಿದರೆ ಆ ಫೋಟೋದ ತೂಕವೇ ಬೇರೆ. ಅವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಫೋಟೋ ಹಿಂದೆ ಬರೆಯಲೇಬೇಕು ಅಂದರೆ ಮೆತ್ತನೆಯ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಪೆನ್ನು ಬೇಡ.

ಆರ್ಕೈವ್ಸ್‌ಗೆ ಹಾಗೇ ಡಬ್ಬಿ ಹೊತ್ತುಕೊಂಡು ಹೋಗಬೇಡಿ. ಮೊದಲು ಮೇಲ್ ಮಾಡಿ, ಏನೇನಿದೆ ಅಂತ ಪಟ್ಟಿ ಕೊಡಿ, ಫೋನಿನಲ್ಲಿ ತೆಗೆದ ಫೋಟೋ ಕಳಿಸಿ. ಅವರು ಎಲ್ಲವನ್ನೂ ತಗೊಳ್ಳುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಲಾಳಿ ಗೋಡೆಗೆ ಹಾಕಿ ಪರವಾಗಿಲ್ಲ. ಹೆಸರಿಲ್ಲದ ಲಾಳಿ, ಬಾಬಿನ್‌ಗಳು ಗಿರಣಿ ಊರುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಹೆಸರು, ತಾರೀಖು ಇರುವ ಲಕೋಟೆ ಮಾತ್ರ ಸಿಗುವುದಿಲ್ಲ.

ಸೀದಾ ಮಾತು

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನೂರು ವರ್ಷದ ಹಿಂದಿನ ಸಂಬಳದ ಲಕೋಟೆಯಿಂದ ಯಾರಿಗೆ ಏನು ಪ್ರಯೋಜನ? ಕೂಲಿ ಎಷ್ಟಿತ್ತು ಅನ್ನುವುದು ಸರ್ಕಾರಿ ವರದಿಗಳಲ್ಲಿ ಇದ್ದೇ ಇರುತ್ತದೆ. ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಹಾಕಿದರೆ ಸಾಕಲ್ವಾ? ಇಷ್ಟು ಜಾಗ, ಇಷ್ಟು ಖರ್ಚು ಯಾಕೆ?

ಮೆರಿಮ್ಯಾಕ್ ದಂಡೆ

ತಪ್ಪು ತಿಳಿಯುವುದಿಲ್ಲ ಸರ್, ಕೇಳಬೇಕಾದ ಪ್ರಶ್ನೆಯೇ. ಲಾರೆನ್ಸ್‌ನ ಉದಾಹರಣೆಯಿಂದಲೇ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

1912ರ ಜನವರಿ 1ರಿಂದ ಮ್ಯಾಸಚೂಸೆಟ್ಸ್‌ನಲ್ಲಿ ಹೊಸ ಕಾನೂನು ಬಂತು. ಹೆಂಗಸರು, ಮಕ್ಕಳನ್ನು ವಾರಕ್ಕೆ 56 ಗಂಟೆಯ ಬದಲು 54 ಗಂಟೆಗಿಂತ ಹೆಚ್ಚು ದುಡಿಸಬಾರದು. ಗಿರಣಿಯವರು ಆ ಎರಡು ಗಂಟೆಯ ಕೂಲಿಯನ್ನೂ ಕತ್ತರಿಸಿದರು. ಹೆಚ್ಚುಕಡಿಮೆ 32 ಸೆಂಟ್. ಆಗ ಅಲ್ಲಿ ವಾರದ ಸರಾಸರಿ ಕೂಲಿ ಒಂಬತ್ತು ಡಾಲರಿಗೂ ಕಡಿಮೆ. 32 ಸೆಂಟ್ ಅಂದರೆ ಮನೆಗೆ ಬರುವ ಬ್ರೆಡ್ಡಿನ ಲೆಕ್ಕವೇ ತಪ್ಪುತ್ತದೆ. ಜನವರಿ 11ರಂದು ಎವರೆಟ್ ಗಿರಣಿಯ ಪೋಲಿಷ್ ಹೆಂಗಸರು ಕೈಗೆ ಬಂದ ಸಂಬಳ ಎಣಿಸಿದರು, ಕಡಿಮೆ ಇತ್ತು. ಮಗ್ಗ ನಿಲ್ಲಿಸಿ ಹೊರಗೆ ನಡೆದರು. ಮರುದಿನ ಬೇರೆ ಗಿರಣಿಗಳಿಗೂ ಹಬ್ಬಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಎರಡು ತಿಂಗಳು ಮುಷ್ಕರ ಮಾಡಿದರು. ‘ಬ್ರೆಡ್ ಅಂಡ್ ರೋಸಸ್’ ಮುಷ್ಕರ ಅಂತ ಇವತ್ತು ಕರೆಯುವುದು ಇದನ್ನೇ. ಅಷ್ಟು ದೊಡ್ಡ ಮುಷ್ಕರ ಶುರುವಾದದ್ದು ಸಂಬಳ ಎಣಿಸಿ ನೋಡಿದ ಕೈಗಳಿಂದ ಸರ್. ಆ ಕಾಲದ ಒಂದು ಲಕೋಟೆ ಕಣ್ಣ ಮುಂದೆ ಇದ್ದರೆ, ಅದರ ಮೇಲೆ ಒಬ್ಬಳ ಹೆಸರು, ಅವಳ ಗಂಟೆ, ಅವಳ ಕೂಲಿ ಇದ್ದರೆ, ವರದಿಯ ಸರಾಸರಿ ಅಂಕಿಗೆ ಆಗ ಮುಖ ಬರುತ್ತದೆ.

ಇನ್ನೊಂದು ಸಂಗತಿ. ಕಾಮೆಲ್ಲಾ ಟಿಯೋಲಿ ಅಂತ ಒಬ್ಬ ಇಟಾಲಿಯನ್ ಹುಡುಗಿ. ಗಿರಣಿಯ ಯಂತ್ರಕ್ಕೆ ಕೂದಲು ಸಿಕ್ಕಿ ನೆತ್ತಿಯ ಚರ್ಮ ಕಿತ್ತುಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವಳು. 1912ರ ಮಾರ್ಚ್‌ನಲ್ಲಿ ಹದಿನಾಲ್ಕರ ವಯಸ್ಸಿಗೆ ವಾಷಿಂಗ್ಟನ್‌ಗೆ ಹೋಗಿ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಎಲ್ಲ ಹೇಳಿದಳು. ಚಿಕ್ಕ ವಯಸ್ಸಿನವಳನ್ನು ಕೆಲಸಕ್ಕೆ ಸೇರಿಸಲು ಒಬ್ಬಾತ ಅವಳ ಅಪ್ಪನಿಂದ ನಾಲ್ಕು ಡಾಲರ್ ತಗೊಂಡು ಸುಳ್ಳು ವಯಸ್ಸಿನ ಕಾಗದ ಮಾಡಿಸಿದ್ದನ್ನೂ ಹೇಳಿದಳು. ಅಧ್ಯಕ್ಷ ಟಾಫ್ಟ್ ಅವರ ಹೆಂಡತಿ ಆ ವಿಚಾರಣೆ ಕೇಳಲು ಬಂದಿದ್ದರು. ದೇಶವೇ ಅವಳ ಮಾತು ಕೇಳಿತು. ಆಮೇಲೆ ಅವಳು ಲಾರೆನ್ಸ್‌ಗೆ ವಾಪಸ್ ಬಂದಳು, ಮತ್ತೆ ಗಿರಣಿ ಕೆಲಸ, ಮದುವೆ, ಮಕ್ಕಳು.

1970ರ ದಶಕದಲ್ಲಿ ಪಾಲ್ ಕೋವನ್ ಎಂಬ ಪತ್ರಕರ್ತರು ಅವಳ ಮಗಳನ್ನು ಭೇಟಿ ಮಾಡಿದರು. ಮಗಳಿಗೆ ಈ ಸಾಕ್ಷಿಯ ವಿಷಯ ಏನೂ ಗೊತ್ತಿರಲಿಲ್ಲ. ಅಮ್ಮನ ನೆತ್ತಿಯಲ್ಲಿ ಕೂದಲಿಲ್ಲದ ಜಾಗ ಮುಚ್ಚುವ ಹಾಗೆ ದಿನಾ ತಲೆ ಬಾಚಿ ತುರುಬು ಕಟ್ಟುತ್ತಿದ್ದವರು ಅವರೇ. ಯಂತ್ರದ ಅಪಘಾತ ಗೊತ್ತಿತ್ತು, ಅಷ್ಟೇ.

ಮುಷ್ಕರ ಮಾಡಿದವರು ದೇಶದ್ರೋಹಿಗಳು ಅನ್ನುವ ಮಾತು ಊರಿನಲ್ಲಿ ಹಬ್ಬಿತ್ತು. ಕೆಲಸ ಹೋಗುವ ಭಯ, ಮರ್ಯಾದೆಯ ಭಯ. ಹಾಗಾಗಿ ಅಪ್ಪ ಅಮ್ಮಂದಿರು ಮಕ್ಕಳಿಗೂ ಹೇಳದೆ ಬಾಯಿ ಮುಚ್ಚಿಕೊಂಡರು. ಟಿಯೋಲಿಯ ಮಾತು ಸಂಸತ್ತಿನ ದಾಖಲೆಯಲ್ಲಿದ್ದದ್ದರಿಂದ ಉಳಿಯಿತು. ಇಪ್ಪತ್ತು ಸಾವಿರ ಜನರಲ್ಲಿ ಹಾಗೆ ದಾಖಲಾದವರು ಬೆರಳೆಣಿಕೆಯಷ್ಟು. ಉಳಿದವರದ್ದು ಅಟ್ಟದ ಡಬ್ಬಿಯಲ್ಲಿದೆ, ಅಥವಾ ಎಲ್ಲೂ ಇಲ್ಲ. ಹಿಸ್ಟರಿ ಸೆಂಟರ್‌ನವರು ನೂರಾರು ಜನರ ನೆನಪನ್ನು ಧ್ವನಿಮುದ್ರಣ ಮಾಡಿ ಇಟ್ಟಿರುವುದು ಈ ಕಾರಣಕ್ಕೇ ಮುಖ್ಯ.

ಸ್ಕ್ಯಾನ್ ಬಗ್ಗೆ ಕಡತದವರು ಹೇಳಲಿ.

ಕಡತದ ಕೆಲಸದವಳು

ಸ್ಕ್ಯಾನ್ ಖಂಡಿತ ಮಾಡಬೇಕು. ಆದರೆ ಮೂಲವನ್ನು ಎಸೆಯಲು ಅದು ನೆಪವಾಗಬಾರದು. ಕಾಗದ ಯಾವ ಥರದ್ದು, ಶಾಯಿ ಯಾವುದು, ಹಿಂದೆ ಯಾವ ಸ್ಟುಡಿಯೋದ ಮುದ್ರೆ ಇದೆ, ಮಡಿಕೆ ಎಲ್ಲಿ ಬಿದ್ದಿದೆ, ಇದೆಲ್ಲ ಎಷ್ಟೋ ಸಲ ಕಾಲ, ಜಾಗ ಪತ್ತೆ ಮಾಡಲು ಬೇಕಾಗುತ್ತದೆ. ಫೈಲುಗಳೂ ಶಾಶ್ವತವಲ್ಲ. ನಮ್ಮ ಮನೆಗಳಲ್ಲಿ ಸಿ.ಡಿ.ಗೆ ಹಾಕಿಸಿದ ಮದುವೆ ಫೋಟೋಗಳ ಗತಿ ಏನಾಗಿದೆ ನೋಡಿ.

ದಾವಣಗೆರೆ ಮಗ್ಗದ ಮನೆ

ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ನಮ್ಮ ತಾತ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ಸೈರನ್ ಕೇಳಿ ಊರು ಏಳುತ್ತಿತ್ತಂತೆ. ಒಂದೊಂದೇ ಮಿಲ್ಲು ಮುಚ್ಚಿದವು, ಜಾಗ ಮಾರಾಟವಾಯಿತು. ತಾತನ ಹಾಜರಿ ಚೀಟಿ, ಯೂನಿಯನ್ ಚಂದಾ ರಸೀದಿ ಮನೆಯಲ್ಲಿ ಇದ್ದದ್ದು ನನಗೆ ನೆನಪಿದೆ. ಮನೆ ಕೆಡವಿ ಕಟ್ಟುವಾಗ ಎಲ್ಲಿ ಹೋಯಿತೋ. ಇಂಥದ್ದನ್ನು ಕೊಡಲು ನಮ್ಮೂರಿನಲ್ಲಿ ಯಾರ ಹತ್ತಿರ ಹೋಗಬೇಕು ಅಂತ ಯಾರೂ ನಮಗೆ ಹೇಳಲೇ ಇಲ್ಲ.

ಮೆರಿಮ್ಯಾಕ್ ದಂಡೆ

ನಿಮ್ಮ ತಾತನ ಜೊತೆ ಕೆಲಸ ಮಾಡಿದವರು ಯಾರಾದರೂ ಇನ್ನೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಕಟ್ಟಡ, ಹಣ ಆಮೇಲಿನ ಮಾತು. ಅದಿಲ್ಲದೆಯೂ ಮಾತು ಉಳಿಸಿಕೊಳ್ಳಬಹುದು.

ಲೋವೆಲ್ ಕಾಲುವೆ

ನಾನು ಪಕ್ಕದ ಲೋವೆಲ್‌ನಲ್ಲಿರುವವನು. ಕೊಡಿ ಕೊಡಿ ಅನ್ನುವಾಗ ಇನ್ನೊಂದು ಮಗ್ಗುಲೂ ಹೇಳಬೇಕು. ಇಲ್ಲಿ ಅಮೆರಿಕನ್ ಟೆಕ್ಸ್‌ಟೈಲ್ ಹಿಸ್ಟರಿ ಮ್ಯೂಸಿಯಂ ಅಂತ ಒಂದಿತ್ತು. 1960ರಲ್ಲಿ ನಾರ್ತ್ ಆಂಡೋವರ್‌ನಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 1997ರಲ್ಲಿ ಲೋವೆಲ್‌ಗೆ ಬಂತು. ಚರಕ, ಮಗ್ಗ, ಬಟ್ಟೆಯ ಮಾದರಿ ಪುಸ್ತಕ, ಗಿರಣಿಗಳ ಲೆಕ್ಕ, ಏನಿಲ್ಲ ಅಂತಿರಲಿಲ್ಲ. ಹಣ ಸಾಲದೆ 2016ರಲ್ಲಿ ಮುಚ್ಚಿತು. ಅದರ ಗ್ರಂಥಾಲಯ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ವಸ್ತುಗಳು ಹಲವು ಸಂಸ್ಥೆಗಳಿಗೆ ಹಂಚಿಹೋದವು. ಹಾಳಾಗಲಿಲ್ಲ, ಅದು ಸಮಾಧಾನ. ಆದರೆ ಈ ಮೆರಿಮ್ಯಾಕ್ ಕಣಿವೆಯ ಮನೆಗಳಿಂದ ಬಂದ ವಸ್ತು ಈ ಕಣಿವೆಯಲ್ಲೇ ನೋಡಲು ಸಿಗುವುದಿಲ್ಲ ಅಂದರೆ ಬೇಸರ ಆಗುತ್ತದೆ.

ಹಾಗಾಗಿ ಕೊಡುವಾಗ ಕೇಳಿ: ನಿಮ್ಮ ಸಂಸ್ಥೆ ಮುಚ್ಚಿದರೆ ಇದು ಎಲ್ಲಿಗೆ ಹೋಗುತ್ತದೆ? ಕೇಳುವುದು ಅವಮಾನವಲ್ಲ. ವಸ್ತು ಕೊಡುವವರು ಜೊತೆಗೆ ಸ್ವಲ್ಪ ಹಣವನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ಪೆಟ್ಟಿಗೆ, ಕಪಾಟು, ತೇವ ನಿಯಂತ್ರಿಸುವ ಯಂತ್ರ, ಪಟ್ಟಿ ಮಾಡುವವರ ಸಂಬಳ, ಇದಕ್ಕೆಲ್ಲ ದುಡ್ಡು ಬೇಕು.

ಕಡತದ ಕೆಲಸದವಳು

ಲೋವೆಲ್ ಅವರು ಹೇಳಿದ್ದು ಪೂರ್ತಿ ಸರಿ. ಇದಕ್ಕೇ ದಾನಪತ್ರ ಓದಿ ಸಹಿ ಮಾಡಿ ಅನ್ನುವುದು. ವಸ್ತುವಿನ ಒಡೆತನ ಯಾರಿಗೆ ಹೋಗುತ್ತದೆ, ಪತ್ರಗಳ ಹಕ್ಕುಸ್ವಾಮ್ಯ ಯಾರದು, ಇಂಟರ್ನೆಟ್‌ಗೆ ಹಾಕಬಹುದಾ, ಬೇಡದ ವಸ್ತುವನ್ನು ನಿಮಗೆ ವಾಪಸ್ ಕೊಡುತ್ತಾರಾ ಅಥವಾ ಬೇರೆಯವರಿಗೆ ದಾಟಿಸುತ್ತಾರಾ, ಎಲ್ಲ ಅದರಲ್ಲಿರುತ್ತದೆ. ಸಹಿ ಆದಮೇಲೆ ‘ನಮ್ಮ ಮಗಳ ಮದುವೆಗೆ ಆ ಫೋಟೋ ಬೇಕು’ ಅಂದರೆ ಮೂಲ ಸಿಗುವುದಿಲ್ಲ, ಪ್ರತಿ ಸಿಗುತ್ತದೆ. ಮೊದಲೇ ನಿಮಗೊಂದು ಒಳ್ಳೆಯ ಪ್ರತಿ ಮಾಡಿಟ್ಟುಕೊಳ್ಳಿ. ಬದುಕಿರುವವರ ಕಾಯಿಲೆ, ಜಗಳದ ವಿಷಯ ಪತ್ರದಲ್ಲಿದ್ದರೆ ಇಷ್ಟು ವರ್ಷ ತೆರೆಯಬಾರದು ಅಂತ ಷರತ್ತು ಹಾಕಲು ಕೇಳಬಹುದು. ಬೆಲೆ ಎಷ್ಟು ಅಂತ ಮಾತ್ರ ಅವರನ್ನು ಕೇಳಬೇಡಿ. ದಾನ ಪಡೆಯುವವರೇ ಬೆಲೆ ಕಟ್ಟುವುದು ಸರಿಯಲ್ಲ, ಅದಕ್ಕೆ ಹೊರಗಿನವರೇ ಬೇಕು.

ಹೊಸ ಮನೆ, ಹಳೇ ಅಟ್ಟ

ಏಜೆಂಟ್‌ಗೆ ಮೆಸೇಜ್ ಹಾಕಿದ್ದೇನೆ. ಇನ್ನೊಂದು ಅನುಮಾನ. ಎಲ್ಲರೂ 1912 ಅನ್ನುತ್ತಿದ್ದಾರೆ. ನಮ್ಮ ಲಕೋಟೆಗಳಲ್ಲಿ ತಾರೀಖು 1940ರ ದಶಕದ್ದು. ಅಷ್ಟು ಈಚಿನದು ಅವರಿಗೆ ಬೇಕಾಗುತ್ತದಾ?

ಮೆರಿಮ್ಯಾಕ್ ದಂಡೆ

ಕೇಳಿಯೇ ನೋಡಿ ಮೇಡಂ. 1912 ಮಾತ್ರ ಚರಿತ್ರೆ ಅನ್ನುವ ಭಾವನೆ ಬಿಡಬೇಕು. ಗಿರಣಿಗಳು ದಕ್ಷಿಣಕ್ಕೆ ಹೋದದ್ದು, ಮುಚ್ಚಿದ್ದು, ಖಾಲಿ ಕಟ್ಟಡಗಳ ನಡುವೆ ಪೋರ್ಟೊ ರಿಕೊ, ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊಸಬರು ಬಂದದ್ದು, ಇದೂ ಲಾರೆನ್ಸ್ ಕಥೆಯೇ. ಇವತ್ತು ಆ ಊರಿನಲ್ಲಿ ಹತ್ತರಲ್ಲಿ ಎಂಟು ಜನ ಸ್ಪ್ಯಾನಿಷ್ ಮಾತಾಡುವ ಮೂಲದವರು. 1995ರ ಡಿಸೆಂಬರ್‌ನಲ್ಲಿ ಮಾಲ್ಡನ್ ಮಿಲ್ಸ್ ಎಂಬ ಬಟ್ಟೆ ಗಿರಣಿ ಸುಟ್ಟುಹೋದಾಗ ಮಾಲೀಕ ಆರನ್ ಫ್ಯೂರ್‌ಸ್ಟೈನ್ ಕೆಲಸವಿಲ್ಲದ ದಿನಗಳಲ್ಲೂ ಕಾರ್ಮಿಕರಿಗೆ ಸಂಬಳ ಕೊಟ್ಟರು. ಆ ಸಂಬಳದ ಚೀಟಿ ಯಾರ ಮನೆಯಲ್ಲಾದರೂ ಇದ್ದರೆ ಅದೂ 1912ರ ಲಕೋಟೆಯ ಪಕ್ಕದಲ್ಲಿ ಇರಬೇಕಾದ್ದು.

ನಾರ್ತ್ ಆಂಡೋವರ್ ಗೃಹಿಣಿ

ಹಾಗಾದರೆ ನಮ್ಮ ಮನೆಯಲ್ಲೂ ಒಂದಿದೆ. 2018ರ ಸೆಪ್ಟೆಂಬರ್ 13, ಗ್ಯಾಸ್ ಪೈಪಿನಲ್ಲಿ ಒತ್ತಡ ಹೆಚ್ಚಾಗಿ ಲಾರೆನ್ಸ್, ಆಂಡೋವರ್, ನಾರ್ತ್ ಆಂಡೋವರ್ ಮೂರೂ ಕಡೆ ಮನೆಗಳು ಸ್ಫೋಟಗೊಂಡು ಹೊತ್ತಿ ಉರಿದವು. ನಮ್ಮ ಬೀದಿಗೆ ವಾರಗಟ್ಟಲೆ ಗ್ಯಾಸ್ ಇರಲಿಲ್ಲ. ಕರೆಂಟಿನ ಒಂದು ಪುಟ್ಟ ಒಲೆ ಕೊಟ್ಟರು. ಅದರ ಮೇಲೇ ಅನ್ನ ಸಾರು ಮಾಡಿ ದಸರಾ ಕಳೆದೆವು. ಬಾಗಿಲಿಗೆ ಅಂಟಿಸಿದ ಸೂಚನೆಯ ಕಾಗದಗಳನ್ನು ಅತ್ತೆ ಜೋಪಾನವಾಗಿ ಇಟ್ಟಿದ್ದಾರೆ. ಇಂಗ್ಲಿಷ್ ಬರುವುದಿಲ್ಲ ಅವರಿಗೆ. ಮುಖ್ಯವಾದ್ದು ಇರಬೇಕು ಅಂತ ಎತ್ತಿಟ್ಟರು.

ಕಡತದ ಕೆಲಸದವಳು

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಅಂದುಕೊಂಡದ್ದು ನಿಜ. ಆ ದಿನಗಳ ಬಗ್ಗೆ ಅವರು ಹೇಳುವುದನ್ನು ಕನ್ನಡದಲ್ಲೇ ರೆಕಾರ್ಡ್ ಮಾಡಿ. ಅನುವಾದ ಆಮೇಲೆ ಮಾಡಬಹುದು. ಕಾಗದದ ಜೊತೆ ಅದನ್ನೂ ಕೊಡಲು ಆಗುತ್ತದಾ ಅಂತ ಹಿಸ್ಟರಿ ಸೆಂಟರ್‌ನವರನ್ನೇ ಕೇಳಿ.

ಎಂಬತ್ತರ ದಶಕದವನು

ನಮ್ಮ ಮಾವ ಎಂಬತ್ತರ ದಶಕದಲ್ಲಿ ಬಂದು ಇದೇ ರಾಜ್ಯದ ಮೇನಾರ್ಡ್ ಊರಿನಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಈ ಚರ್ಚೆ ಓದಿದ ಮೇಲೆ ಹೊಳೆಯಿತು, ಅವರ ಆಫೀಸು ಇದ್ದದ್ದೇ ಹಳೇ ಉಣ್ಣೆ ಗಿರಣಿಯಲ್ಲಿ. ಮರದ ನೆಲದಲ್ಲಿ ಎಣ್ಣೆ ಜಿನುಗುತ್ತಿತ್ತು ಅಂತ ಹೇಳುತ್ತಿರುತ್ತಾರೆ. ಅವರ ಗುರುತಿನ ಚೀಟಿ, ಸಹೋದ್ಯೋಗಿಗಳ ಜೊತೆ ತೆಗೆಸಿದ ಫೋಟೋಗಳು, ಆಗಿನ ಕನ್ನಡ ಕೂಟದ ಯುಗಾದಿ ಕರಪತ್ರಗಳು ಇವೆ. ಇದೂ ಗಿರಣಿ ಊರಿನ ಚರಿತ್ರೆಗೆ ಸೇರುತ್ತದಾ?

ಮೆರಿಮ್ಯಾಕ್ ದಂಡೆ

ಸೇರುತ್ತದೆ ಸರ್, ನೇರವಾಗಿಯೇ ಸೇರುತ್ತದೆ. ಮೇನಾರ್ಡ್‌ನ ಆ ಗಿರಣಿ ಅಮೆರಿಕನ್ ವೂಲನ್ ಕಂಪನಿಯದು. ಲಾರೆನ್ಸ್‌ನ ವುಡ್ ಮಿಲ್, ಏಯರ್ ಮಿಲ್ ನಡೆಸಿದವರೂ ಅವರೇ. ಅಲ್ಲಿ ಉಣ್ಣೆ ಕೆಲಸ 1950ರಲ್ಲಿ ನಿಂತಿತು. 1957ರಲ್ಲಿ ಡಿಜಿಟಲ್ ಕಂಪನಿ ಅದರಲ್ಲೇ ಒಂದು ಭಾಗ ಬಾಡಿಗೆ ಹಿಡಿದು ಶುರುವಾಯಿತು. ಉಣ್ಣೆ ನೇಯ್ದ ನೆಲದ ಮೇಲೆ ಕಂಪ್ಯೂಟರ್ ತಯಾರಾದವು. ನಿಮ್ಮ ಮಾವ ಆ ಗಿರಣಿಗೆ ದುಡಿಯಲು ಬಂದ ಇನ್ನೊಂದು ತಲೆಮಾರಿನ ವಲಸಿಗರು.

ಗುರುತಿನ ಚೀಟಿ, ಆಫೀಸಿನ ಫೋಟೋಗಳ ಬಗ್ಗೆ ಮೇನಾರ್ಡ್‌ನ ಹಿಸ್ಟಾರಿಕಲ್ ಸೊಸೈಟಿಗೆ ಬರೆದು ನೋಡಿ. ಕರಪತ್ರಗಳ ಮೂಲ ಮನೆಯಲ್ಲೇ ಇರಲಿ ಅನ್ನಿಸಿದರೆ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಇದೆ. ಫಿಲಡೆಲ್ಫಿಯಾದ್ದು, 2008ರಿಂದ ನಡೆಯುತ್ತಿದೆ. ಅವರು ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಕುಟುಂಬಕ್ಕೇ ಬಿಡುತ್ತಾರೆ.

ಮಾವನವರ ಹತ್ತಿರ ಕೂತು ಪ್ರತಿ ಫೋಟೋದಲ್ಲಿ ಯಾರ್ಯಾರಿದ್ದಾರೆ ಅಂತ ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ. ಯಾವ ಕಟ್ಟಡ, ಯಾವ ಮಹಡಿ ಅಂತಲೂ ಕೇಳಿ. ಆ ಗಿರಣಿಯ ಕಟ್ಟಡಗಳಿಗೆ ನಂಬರ್ ಇತ್ತು. ಹಳೇ ಆಫೀಸು ಪತ್ರಗಳಲ್ಲಿ ‘ಎಂಎಲ್’ ಅಂತ ಶುರುವಾಗುವ ವಿಳಾಸ ಇದ್ದರೆ ಆ ಅಕ್ಷರದ ಮುಂದಿನ ಅಂಕಿ ಕಟ್ಟಡದ್ದು, ಅದರ ನಂತರದ್ದು ಮಹಡಿಯದ್ದು.